ಸಂಚಾರದ ಪತ್ತೆ ಮತ್ತು ಹೆಸರಿನ ದಾಖಲೆ

ನಿಸ್ತಂತು ಸಂವೇದಕಗಳ ಜಾಲದಿಂದ ಮನುಷ್ಯರ ಸಂಚಾರವನ್ನು ಅರಿಯುವ ವಿದ್ಯೆ ಹೊಸದು. ಪ್ರಜೆಗಳ ಸಂಚಾರವನ್ನು ಅರಿಯಬೇಕೆಂಬ ಆಳುವವರ ಬಯಕೆ ಹಳೆಯದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಇತಿಹಾಸವನ್ನು ಮುಂದಿಟ್ಟುಕೊಂಡು ಇವೆರಡರ ಸಂಬಂಧವನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

1997ರಲ್ಲಿ ಹಾವೇರಿ ಜಿಲ್ಲೆ ರಚಿತವಾಗುವವರೆಗೆ ಈ ಮೂರು ತಾಲ್ಲೂಕುಗಳೂ ಧಾರವಾಡ ಜಿಲ್ಲೆಗೆ ಸೇರಿದ್ದುವು. ಬ್ರಿಟಿಷರ ಕಾಲದಲ್ಲಿ ಆ ಜಿಲ್ಲೆಯ ಹುಬ್ಬಳ್ಳಿಯಲ್ಲಿ ‘ಅಪರಾಧಿ ಬುಡಕಟ್ಟು’ಗಳೆಂದು ಹೆಸರಿಸಲ್ಪಟ್ಟವರ ವಸಾಹತು ಇದ್ದಿತು. 1871ರಲ್ಲಿ ಹುಟ್ಟಿ 1924ರಲ್ಲಿ ಕ್ರೋಡೀಕೃತವಾದ ಕಾನೂನಿನಂತೆ ಇಂಥವರ ಹೆಸರು, ಬೆರಳಚ್ಚುಗಳನ್ನು ದಾಖಲಿಸುತ್ತಿದ್ದರು. ವಸಾಹತಿನವರು ಹಾಜರಿ ಕೊಡಬೇಕಾಗಿದ್ದಿತು, ಪರವಾನಿಗೆ ಚೀಟಿಯಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. 1952ರಲ್ಲಿ ಈ ಕಾನೂನು ದೇಶದಾದ್ಯಂತ ರದ್ದಾಯಿತು.

ಇದಕ್ಕೆ ಪ್ರತಿಯಾಗಿ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಚರಿತ್ರೆಯನ್ನು ನೋಡಬಹುದು. 1930ರ ದಂಡಿಯಾತ್ರೆಯಲ್ಲಿ ಅವರು ಕರ್ನಾಟಕದ ಏಕೈಕ ಪ್ರತಿನಿಧಿ. ಆ ಯಾತ್ರಿಕರ ಹೆಸರುಗಳನ್ನು ಗಾಂಧೀಜಿಯವರ ‘ಯಂಗ್ ಇಂಡಿಯಾ’ ಪತ್ರಿಕೆಯೇ ಪ್ರಕಟಿಸಿತು. ಸರ್ಕಾರಕ್ಕೆ ಹುಡುಕುವ ಶ್ರಮವೇ ಉಳಿಯಲಿಲ್ಲ. 1942ರ ಚಳವಳಿಯಲ್ಲಾದರೋ ಅದೇ ಮಹಾದೇವಪ್ಪನವರು ಭೂಗತರಾಗಿ ಸಂಚರಿಸಿದರು. 1943ರ ಏಪ್ರಿಲ್ 1ರಂದು ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೊಡನೆ ಗುಂಡಿಗೆ ಬಲಿಯಾದರು. ಹೆಸರನ್ನು ಸಾರುವುದೂ ಮರೆಸುವುದೂ ಅವರದೇ ನಿರ್ಧಾರವಾಗಿದ್ದಿತು. ವಸಾಹತಿನವರಿಗೆ ಆ ಸ್ವಾತಂತ್ರ್ಯವಿರಲಿಲ್ಲ.

ಇನ್ನು ಸಂವೇದಕ ಜಾಲದ ವಿಚಾರ. ದೇಹದ ಶಾಖವು ಎದುರಿಗೆ ಹಾದುಹೋದುದನ್ನು ಗ್ರಹಿಸುವ ಪುಟ್ಟ ಉಪಕರಣಗಳನ್ನು ಅಲ್ಲಲ್ಲಿ ಹೂಡಿರುತ್ತಾರೆ. ಪ್ರತಿಯೊಂದೂ ತನ್ನ ಸುದ್ದಿಯನ್ನು ರೇಡಿಯೋ ಅಲೆಗಳ ಮೂಲಕ ನೆರೆಯದಕ್ಕೆ ದಾಟಿಸುತ್ತದೆ. ಯಾವುದು ಮೊದಲು, ಯಾವುದು ಅನಂತರ ಗ್ರಹಿಸಿತೆಂಬುದರಿಂದ ನಡಿಗೆಯ ದಿಕ್ಕು, ವೇಗಗಳು ತಿಳಿಯುತ್ತವೆ. ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿಯೋ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿಯೋ ಇಂಥ ಜಾಲವನ್ನು ಹೂಡಿದರೆ ದಟ್ಟಣೆಯ ಹೊತ್ತು ತಿಳಿದೀತು. ನಡೆದವರು ಯಾರೆಂಬುದು ತಿಳಿಯದು. ಅದರೊಡನೆ ಮೊಬೈಲಿನ ಗುರುತೋ ಮುಖದ ಚಿತ್ರವೋ ಸೇರಿದಾಗ ಮಾತ್ರ ಎಣಿಕೆಯ ಪುಸ್ತಕವು ಹಾಜರಿ ಪುಸ್ತಕವಾಗುತ್ತದೆ. 2020ರ ಸಾಂಕ್ರಾಮಿಕದಲ್ಲಿ ಕರ್ನಾಟಕ ಸರ್ಕಾರವು ಮನೆಯಲ್ಲಿ ಪ್ರತ್ಯೇಕವಾಸದಲ್ಲಿದ್ದವರಿಂದ ಗಂಟೆಗೊಮ್ಮೆ ಸ್ವಂತ ಚಿತ್ರವನ್ನು ಕೇಳಿದುದು ಈ ಎರಡನೆಯ ಬಗೆಯದು. ಉದ್ದೇಶ ಆರೋಗ್ಯರಕ್ಷಣೆ, ಕ್ರಮ ಹಾಜರಿಯದೇ.

ಆದ್ದರಿಂದ ವಿಚಾರಿಸಬೇಕಾದುದು ಉಪಕರಣವನ್ನಲ್ಲ, ಅದರ ಹಿಂದಿರುವ ದಾಖಲೆಯನ್ನು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಹೆಸರನ್ನು ಯಾರು ಬರೆದರು, ಎಷ್ಟು ಕಾಲ ಇರಿಸಿಕೊಂಡರು, ಬರೆಯಿಸಿಕೊಂಡವನ ಒಪ್ಪಿಗೆ ಇದ್ದಿತೆ ಎಂಬ ಪ್ರಶ್ನೆಗಳು ಹುಬ್ಬಳ್ಳಿಯ ಹಳೆಯ ಹಾಜರಿಗೆ ಸಲ್ಲುವಂತೆ ನಾಳಿನ ಜಾಲಕ್ಕೂ ಸಲ್ಲುತ್ತವೆ.