ಶೇಕಡಾ ಅರವತ್ತರ ರಿಯಾಯಿತಿ

ಲ್ಯಾಪ್‌ಟಾಪ್ ಕೊಳ್ಳುವಾಗ ಕಾಲೇಜಿನ ಗುರುತಿನ ಚೀಟಿ ತೋರಿಸಿದರೆ ಕೆಲವು ಕಂಪನಿಗಳು ಬೆಲೆಯಲ್ಲಿ ಒಂದಷ್ಟು ಬಿಡುತ್ತವೆ. ಕೆಲವು ತಂತ್ರಾಂಶಗಳಂತೂ ವಿದ್ಯಾರ್ಥಿಗಳಿಗೆ ಪುಕ್ಕಟೆ. ವ್ಯಾಪಾರಿಗಳಿಗೆ ಈ ಔದಾರ್ಯ ಎಲ್ಲಿಂದ ಬಂತು ಎಂದು ನೀವು ಯೋಚಿಸಿದ್ದೀರಾ? ಈ ಪದ್ಧತಿಗೆ ಏಳು ದಶಕಗಳ ಇತಿಹಾಸವಿದೆ. ಉದ್ದಕ್ಕೂ ರಿಯಾಯಿತಿಯ ಜೊತೆಗೆ ಒಂದು ಷರತ್ತು ಬಂದಿದೆ. ವಿದ್ಯಾರ್ಥಿಗಳಿಗೆ ಆದ ಲಾಭ ನಷ್ಟಗಳು ಆ ಷರತ್ತನ್ನೇ ಅವಲಂಬಿಸಿದ್ದವು.

1953ರಲ್ಲಿ ಅಮೆರಿಕದ ಐಬಿಎಂ ಕಂಪನಿ ‘650’ ಎಂಬ ಗಣಕವನ್ನು ಪ್ರಕಟಿಸಿತು. ಮೊದಲ ಯಂತ್ರ ಗ್ರಾಹಕರ ಕೈಸೇರಿದ್ದು 1954ರ ಕೊನೆಗೆ. ಅಂದು ಗಣಕಗಳನ್ನು ಹೆಚ್ಚಾಗಿ ಬಾಡಿಗೆಗೇ ಪಡೆಯುತ್ತಿದ್ದರು. 650ರ ಬಾಡಿಗೆ ತಿಂಗಳಿಗೆ ಮೂರು ಸಾವಿರ ಡಾಲರಿಗೂ ಹೆಚ್ಚು. ವಿಶ್ವವಿದ್ಯಾಲಯಗಳಿಗೆ ಇದು ಭಾರವೇ. ಐಬಿಎಂ ಅವುಗಳಿಗೆ ಶೇ. 60ರವರೆಗೆ ರಿಯಾಯಿತಿ ಕೊಟ್ಟಿತು. ಷರತ್ತು ಇಷ್ಟೇ: ವೈಜ್ಞಾನಿಕ ಗಣನೆ ಮತ್ತು ವಾಣಿಜ್ಯ ದತ್ತಾಂಶ ಸಂಸ್ಕರಣೆಯ ಪಾಠಗಳನ್ನು ನಡೆಸಬೇಕು. ಯಂತ್ರಗಳನ್ನು ಕಾರ್ಖಾನೆಯಲ್ಲಿ ತಯಾರಿಸಬಹುದು, ಅವುಗಳನ್ನು ನಡೆಸುವ ಜನರನ್ನು ತಯಾರಿಸುವುದೆಲ್ಲಿ? ಆ ಕೆಲಸವನ್ನು ಕಂಪನಿ ಕಾಲೇಜುಗಳಿಗೆ ವಹಿಸಿತು ಎನ್ನಬಹುದು.

ಈ ಯಂತ್ರದಲ್ಲಿ ಕಲಿಯಲು ಬೇಕಾದಷ್ಟಿತ್ತು. ಅದರ ಸ್ಮೃತಿಯೆಂದರೆ ಕಾಂತೀಯ ಲೇಪನವಿದ್ದ, ಗಿರಗಿರನೆ ತಿರುಗುವ ಒಂದು ಉರುಳೆ. ಹತ್ತು ಅಂಕಿಗಳ 2000 ಸಂಖ್ಯೆಗಳಿಗೆ ಅದರಲ್ಲಿ ಜಾಗ. ನಿಮಿಷಕ್ಕೆ 12,500 ಸುತ್ತು, ಅಂದರೆ ಒಂದು ಸುತ್ತಿಗೆ 4.8 ಮಿಲಿಸೆಕೆಂಡು. ಬೇಕಾದ ಆದೇಶ ಓದುವ ಭಾಗವನ್ನು ಆಗಷ್ಟೇ ದಾಟಿಹೋಗಿದ್ದರೆ ಅದು ಮರಳುವ ತನಕ ಕಾಯಬೇಕು. ಸಾವಿರಾರು ಆದೇಶಗಳಿದ್ದಾಗ ಈ ಕಾಯುವಿಕೆಯೇ ಲೆಕ್ಕದ ಸಮಯವನ್ನು ನುಂಗಿಬಿಡುತ್ತದೆ. ಅದಕ್ಕಾಗಿ ಪ್ರತಿ ಆದೇಶದಲ್ಲೂ ಮುಂದಿನ ಆದೇಶದ ವಿಳಾಸವನ್ನು ಬರೆಯುವ ಏರ್ಪಾಡಿತ್ತು. ಒಂದು ಕೆಲಸ ಮುಗಿಯುವ ಹೊತ್ತಿಗೆ ಮುಂದಿನ ಆದೇಶ ಸರಿಯಾಗಿ ಎದುರಿಗೆ ಬರುವಂತೆ ಅವುಗಳನ್ನು ಉರುಳೆಯ ಸುತ್ತ ಹಂಚಿಡುವುದೇ ಜಾಣತನ. ಪ್ರೋಗ್ರಾಂ ಬರೆಯುವವರಿಗೆ ಯಂತ್ರದ ಭೌತವಿಜ್ಞಾನವೂ ತಿಳಿದಿರಬೇಕಿತ್ತು. (ಇಂದಿನ ನಮ್ಮ ವಿದ್ಯಾರ್ಥಿಗಳಿಗೆ ಆ ಸುಖವಿಲ್ಲ!)

1956ರಲ್ಲಿ ಕ್ಲೀವ್‌ಲ್ಯಾಂಡಿನ ಕೇಸ್ ತಾಂತ್ರಿಕ ಸಂಸ್ಥೆಗೆ ಭೌತವಿಜ್ಞಾನ ಓದಲು ಡೊನಾಲ್ಡ್ ಕ್ನೂತ್ ಎಂಬ ಹುಡುಗ ಸೇರಿದ. ಅಲ್ಲಿದ್ದ 650ರ ಮುಂದೆ ವಿದ್ಯಾರ್ಥಿಗಳೇ ಕುಳಿತು ಕೆಲಸ ಮಾಡಬಹುದಿತ್ತು. ಆತ ಮುಂದೆ ಗಣಕವಿಜ್ಞಾನದ ಮಹಾ ಪಂಡಿತರಲ್ಲಿ ಒಬ್ಬರಾದರು. 1968ರಲ್ಲಿ ಹೊರಬಂದ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಗ್ರಂಥವನ್ನು ಅವರು ಅರ್ಪಿಸಿದ್ದು ಕೇಸ್‌ನಲ್ಲಿದ್ದ ಆ ಯಂತ್ರಕ್ಕೇ. ಸುಮಾರು ಎರಡು ಸಾವಿರ 650ಗಳು ತಯಾರಾದವು. ಅವುಗಳ ಮೇಲೆ ಕಲಿತವರು ಕೆಲಸಕ್ಕೆ ಸೇರಿದಲ್ಲಿ ಯಾವ ಕಂಪನಿಯ ಗಣಕ ಕೇಳಿರಬಹುದೆಂದು ನೀವೇ ಊಹಿಸಿ.

ಮೂರು ದಶಕಗಳ ಬಳಿಕ, 1984ರಲ್ಲಿ ಆಪಲ್ ಕಂಪನಿ ಇದೇ ದಾರಿ ಹಿಡಿಯಿತು. 2,495 ಡಾಲರಿನ ಮ್ಯಾಕಿಂಟಾಷನ್ನು ಅಮೆರಿಕದ 24 ವಿಶ್ವವಿದ್ಯಾಲಯಗಳ ಒಕ್ಕೂಟದ ಮೂಲಕ ಸುಮಾರು ಸಾವಿರ ಡಾಲರಿಗೆ ಮಾರಿತು. ಈ ಬಾರಿ ರಿಯಾಯಿತಿ ವಿದ್ಯಾರ್ಥಿಯ ಸ್ವಂತ ಮೇಜಿನ ತನಕ ಬಂತು.

ತಂತ್ರಾಂಶದ ಕಥೆ ಹೆಚ್ಚು ಕುತೂಹಲಕರ. ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿಗೆ ಬೇರೆ ವ್ಯಾಪಾರ ಮಾಡದಂತೆ 1956ರ ನ್ಯಾಯಾಲಯದ ಒಪ್ಪಂದ ಕಟ್ಟು ಹಾಕಿತ್ತು. ಹಾಗಾಗಿ ಅದರ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆ ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ ಸಿಕ್ಕಿತು, ಅದೂ ಆಕರ ಸಂಕೇತದ ಸಮೇತ. ಒಳಗೆ ಏನಿದೆ ಎಂದು ವಿದ್ಯಾರ್ಥಿಗಳು ಓದಬಹುದಿತ್ತು, ತಿದ್ದಬಹುದಿತ್ತು. ಬರ್ಕ್‌ಲಿಯಲ್ಲಿ ಅದನ್ನು ಎಷ್ಟು ತಿದ್ದಿದರೆಂದರೆ ಅದು ಬಿಎಸ್‌ಡಿ ಎಂಬ ಬೇರೆಯೇ ಕವಲಾಯಿತು. ಆದರೆ 1979ರ ಏಳನೆಯ ಆವೃತ್ತಿಯೊಡನೆ ಷರತ್ತು ಬದಲಾಯಿತು: ಆಕರ ಸಂಕೇತವನ್ನು ತರಗತಿಯಲ್ಲಿ ಪಾಠ ಮಾಡುವಂತಿಲ್ಲ. ಪಾಠಕ್ಕೇ ಅಡ್ಡಿ ಬಂದಾಗ ಆಮ್‌ಸ್ಟರ್‌ಡಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ತಾವೇ ‘ಮಿನಿಕ್ಸ್’ ಎಂಬ ಪುಟ್ಟ ವ್ಯವಸ್ಥೆ ಬರೆದು 1987ರಲ್ಲಿ ಪಠ್ಯಪುಸ್ತಕದೊಡನೆ ಪ್ರಕಟಿಸಿದರು. ಆ ಪುಸ್ತಕ ಓದಿ, ಕಂತಿನ ಮೇಲೆ ಕೊಂಡ ಗಣಕದಲ್ಲಿ ಮಿನಿಕ್ಸ್ ಹಾಕಿಕೊಂಡವರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಒಬ್ಬ. 1991ರಲ್ಲಿ ಆತ ಬರೆದದ್ದು ಲಿನಕ್ಸ್.

ನಮ್ಮ ಪ್ರಯೋಗಾಲಯಗಳಿಗೆ ಹತ್ತಿರದ ಇನ್ನೊಂದು ಉದಾಹರಣೆ ಮ್ಯಾಟ್‌ಲ್ಯಾಬ್. 1970ರ ದಶಕದ ಕೊನೆಯಲ್ಲಿ ಕ್ಲೀವ್ ಮೋಲರ್ ಎಂಬ ಪ್ರಾಧ್ಯಾಪಕರು ಫೋರ್ಟ್ರಾನ್ ಬಾರದ ತಮ್ಮ ವಿದ್ಯಾರ್ಥಿಗಳಿಗಾಗಿ ಅದನ್ನು ಬರೆದರು. ಕೇಳಿದವರಿಗೆ ಹಾಗೇ ಕೊಟ್ಟರು. 1984ರಲ್ಲಿ ಅದಕ್ಕಾಗಿ ಕಂಪನಿ ಹುಟ್ಟಿತು. ಈಗ ಅದರ ಪೂರ್ಣ ಬೆಲೆ ಒಂದು, ವಿದ್ಯಾರ್ಥಿ ಬೆಲೆ ಇನ್ನೊಂದು. ಕಡಿಮೆ ಬೆಲೆಯ ಪ್ರತಿಯನ್ನು ವಾಣಿಜ್ಯ ಕೆಲಸಕ್ಕೆ ಬಳಸುವಂತಿಲ್ಲ. ನೀವು ಓದು ಮುಗಿಸಿ ಸಣ್ಣದೊಂದು ಉದ್ದಿಮೆ ಶುರುಮಾಡಿದರೆ ಅದೇ ತಂತ್ರಾಂಶಕ್ಕೆ ಬೇರೆ ಪರವಾನಗಿ ಕೊಳ್ಳಬೇಕು. ಅಷ್ಟು ಹೊತ್ತಿಗೆ ನಿಮ್ಮ ಪ್ರೋಗ್ರಾಂಗಳೆಲ್ಲ ಅದರ ಭಾಷೆಯಲ್ಲೇ ಇರುತ್ತವೆ!

ಇದಕ್ಕೆ ಪರ್ಯಾಯವಾದ ಆಕ್ಟೇವ್ ಸಹ ಒಂದು ಪಠ್ಯಪುಸ್ತಕದ ಜೊತೆಗಾರನಾಗಿ ಯೋಜನೆಯಾದದ್ದೇ. ಮ್ಯಾಟ್‌ಲ್ಯಾಬಿನ ಬಹುಪಾಲು ಪ್ರೋಗ್ರಾಂಗಳು ಅದರಲ್ಲಿ ಚೂರುಪಾರು ಬದಲಾವಣೆಯಿಂದ ನಡೆಯುತ್ತವೆ. ಮುಂಬಯಿಯ ಐಐಟಿಯ ‘ಫಾಸೀ’ ಯೋಜನೆ ಸೈಲ್ಯಾಬ್‌ನಂಥ ಮುಕ್ತ ತಂತ್ರಾಂಶಗಳಿಗೆ ನಮ್ಮ ಕಾಲೇಜುಗಳ ಪಠ್ಯಪುಸ್ತಕಗಳ ಲೆಕ್ಕಗಳನ್ನೇ ಬಿಡಿಸಿ ಇಟ್ಟಿದೆ. ಇವಕ್ಕೆ ಗುರುತಿನ ಚೀಟಿ ಯಾರೂ ಕೇಳುವುದಿಲ್ಲ. ರಿಯಾಯಿತಿಯ ಹಣವನ್ನು ಲ್ಯಾಪ್‌ಟಾಪಿನ ಮೇಲೆ ಧಾರಾಳವಾಗಿ ಉಳಿಸಿ. ತಂತ್ರಾಂಶದ ವಿಷಯದಲ್ಲಿ ಮಾತ್ರ ಪದವಿ ಮುಗಿದ ಮರುದಿನದ ಬೆಲೆಯನ್ನು ಮೊದಲೇ ವಿಚಾರಿಸಿಕೊಳ್ಳಿ.