ಕಡಾ ತಂದ ಹೆಪ್ಪು, ನಾರ್ವೆದ ಮನಿ ಬೀರು

ಬೀರಿನ ಬಗ್ಗೆ ಬರೀತೀನಿ ಅಂದ್ರ ನಮ್ಮ ಕಾಕು, ಮಾಂವಶಿಗಳೆಲ್ಲಾ ಹುಬ್ಬು ಏರಸ್ತಾರ ಅಂತ ನನಗ ಗೊತ್ತದ. "ಹೆಣ್ಮಕ್ಕಳು ಓದೋ ಜಾಗಾದಾಗ ಇದೆಂಥಾ ವಿಷಯನ ನಮ್ಮವ್ವಾ" ಅಂತ ಕೇಳೂದೂ ಖರೆ. ಒಂದ ಸ್ವಲ್ಪ ತಡೀರಿ. ಯುರೋಪಿನ ಭಾಳಷ್ಟು ಕಡೆ ನೂರಾರು ವರ್ಷ ಬೀರು ಮಾಡೋದು ಹೆಣ್ಮಕ್ಕಳ ಕೆಲಸ ಆಗಿತ್ತು. ರೊಟ್ಟಿ ಬಡದಂಗ, ಬೆಣ್ಣಿ ಕಡದಂಗ, ಅದೂ ಒಂದು ಮನಿಗೆಲಸ. ನಾನು ಇವತ್ತು ಹೇಳೋದು ಕುಡಿಯೋರ ಕಥಿಕಿಂತಾ ಹೆಚ್ಚು, ಹೆಪ್ಪಿನ ಕಥಿ.

ನಮ್ಮ ಮನಿಗಳೊಳಗ ಮೊಸರು ಹುಳಿ ಹೆಚ್ಚಾಗಿ ಕೆಟ್ಟರ, ಇಲ್ಲಾ ಊರಿಗೆ ಹೋಗಿ ಬರೂದರಾಗ ಹೆಪ್ಪು ಹಾಳಾದ್ರ ಏನ ಮಾಡ್ತೀವಿ? ವಾಟಗಾ ತಗೊಂಡು ಬಾಜೂ ಮನಿಗೆ ಹೋಗ್ತೀವಿ. "ವೈನಿ, ಒಂದ ಚಮಚಾ ಹೆಪ್ಪು ಕೊಡ್ರಿ." ಅದಕ್ಕ ಯಾರೂ ರೊಕ್ಕ ಕೇಳೂದಿಲ್ಲ, ಲೆಕ್ಕಾ ಬರದು ಇಡೂದಿಲ್ಲ. ಮುಂದ ಅವರ ಮನಿ ಹೆಪ್ಪು ಕೆಟ್ಟಾಗ ನಮ್ಮ ಮನಿಂದ ಹೋಗ್ತದ. ಇದ ಪದ್ಧತಿ ನಾರ್ವೆ ದೇಶದ ಪಶ್ಚಿಮ ದಂಡಿಯ ಹಳ್ಳಿಗಳೊಳಗ ಬೀರಿನ ಹೆಪ್ಪಿಗೂ ಇತ್ತು. ಆ ಹೆಪ್ಪಿಗೆ ಅವರ ಭಾಷಾದಾಗ ಕ್ವೈಕ್ ಅಂತಾರ. ಜೀವ ಬರಸೋದು, ಬೆಂಕಿ ಹೊತ್ತಸೋದು ಅನ್ನೋ ಅರ್ಥದ ಹಳೇ ಮಾತಿಗೆ ಸಂಬಂಧಪಟ್ಟ ಹೆಸರದು.

ಆ ಸೀಮಿ ಹೆಂಗದ ಅಂದ್ರ, ಸಮುದ್ರದ ನೀರು ಗುಡ್ಡಗಳ ನಡುವ ಮೈಲಿಗಟ್ಲೆ ಒಳಗ ಬಂದು ನಿಂತದ. ನಡುನಡುವ ಒಂದೊಂದು ತುಣುಕು ಸಪಾಟ ಭೂಮಿ. ಅಲ್ಲೇ ಹೊಲ, ಅಲ್ಲೇ ಮನಿ. ವೋಸ್, ಹೋರ್ನಿಂಡಾಲ್, ಸ್ತ್ರಾಂಡಾ ಅಂತ ಊರುಗಳು. ಗೋಧಿ ಅಲ್ಲಿ ಥಂಡಿಗೆ ಸರಿಯಾಗಿ ಬರೂದಿಲ್ಲ, ಬಾರ್ಲಿ ಬರ್ತದ. ಆ ಬಾರ್ಲಿಯೊಳಗ ಒಂದಿಷ್ಟು ಹಿಟ್ಟಿಗೆ, ಒಂದಿಷ್ಟು ಬೀರಿಗೆ. ಮದುವಿ, ತಿಥಿ, ಹುಲ್ಲು ಕೊಯ್ಯೋ ಸುಗ್ಗಿ, ಎಲ್ಲಾದಕ್ಕಿಂತ ಹೆಚ್ಚಾಗಿ ಕ್ರಿಸ್‌ಮಸ್ಸು, ಇವಕ್ಕೆಲ್ಲಾ ಮನಿ ಬೀರು ಬೇಕ ಬೇಕು.

ಬೇಕು ಅಂದ್ರ ಬರೇ ರೂಢಿ ಅಲ್ಲ, ಕಾಯ್ದೆನ ಇತ್ತು. ಆ ಸೀಮಿಯ ಗುಲಾತಿಂಗ್ ಅನ್ನೋ ಹಳೇ ಕಾನೂನು 13ನೇ ಶತಮಾನದ ಹಸ್ತಪ್ರತಿಯೊಳಗ ನಮಗ ಸಿಗ್ತದ. ಅದರ ಪ್ರಕಾರ ರೈತರು ಹಬ್ಬಕ್ಕ ಬೀರು ಮಾಡಬೇಕು. ಒಬ್ಬೊಬ್ಬರ ಕೂತು ಕುಡಿಯೂ ಹಂಗಿಲ್ಲ, ಕಡಿಮಿ ಅಂದ್ರ ಮೂರು ಮನಿಯವರು ಕೂಡಿ ಹಬ್ಬ ಮಾಡಬೇಕು. ಕ್ರಿಸ್‌ಮಸ್ ರಾತ್ರಿ ಯೇಸು ಮತ್ತ ತಾಯಿ ಮರಿಯಾಳ ಹೆಸರಿಲೆ ಅದಕ್ಕ ಆಶೀರ್ವಾದ ಬೇಡಬೇಕು. ಮಾಡ್ಲಿಲ್ಲಾ ಅಂದ್ರ ದಂಡ. ಮೂರು ಚಳಿಗಾಲ ತಪ್ಪಿಸಿದ್ರಂತೂ ಆಸ್ತಿ ಜಪ್ತಿ, ಪ್ರಾಯಶ್ಚಿತ್ತ ಮಾಡ್ಕೊಳ್ಳದಿದ್ರ ದೇಶಾನ ಬಿಡಬೇಕು. ನಮ್ಮಲ್ಲಿ ನಾಗರಪಂಚಮಿಗೆ ಉಂಡಿ ಕಟ್ಟಲಿಲ್ಲ ಅಂತ ಹೊಲಾ ಕಸಕೊಂಡ್ರ ಹೆಂಗಿರ್ತದ, ನೀವ ವಿಚಾರ ಮಾಡ್ರಿ.

ಮಾಡೋ ಪದ್ಧತಿ ನಮಗೇನೂ ಪರಕೀಯ ಅನಸೂದಿಲ್ಲ. ಕೂಸುಗಳಿಗೆ ರಾಗಿ ಮಾಲ್ಟ್ ಹೆಂಗ ಮಾಡ್ತೀವಿ? ನೆನಸಿ, ಬಟ್ಟಿಯೊಳಗ ಕಟ್ಟಿ, ಮೊಳಕಿ ಬಂದ ಮ್ಯಾಲೆ ಒಣಗಿಸಿ, ಹುರದು ಬೀಸ್ತೀವಿ. ಅವರು ಬಾರ್ಲಿಗೆ ಹಂಗ ಮಾಡ್ತಿದ್ರು. ಚೀಲದಾಗ ತುಂಬಿ ಹಳ್ಳದಾಗ ನೆನಿ ಇಡೂದು, ಮೊಳಕಿ ಬಂದ ಮ್ಯಾಲೆ ಬೆಂಕಿ ಕಾವಿನ ಮ್ಯಾಲೆ ಒಣಗಸೂದು. ಮೊಳಕಿ ಬಂದಾಗ ಕಾಳಿನೊಳಗ ಹಿಟ್ಟನ್ನ ಸಕ್ರಿ ಮಾಡೋ ಶಕ್ತಿ ಹುಟ್ತದ. ಬಿಸಿ ನೀರಾಗ ಆ ಮಾಲ್ಟ್ ಹಾಕಿ ಒಂದಿಷ್ಟು ತಾಸು ಬಿಟ್ಟರ ಸಿಹಿ ನೀರು ತಯಾರು. ಆ ನೀರಿಗೆ ಮೊದಲ ಜೂನಿಪರ್ ಅನ್ನೋ ಗಿಡದ ಟೊಂಗಿ ಹಾಕಿ ಕುದಿಸಿರ್ತಾರ. ಸೋಸೂ ಮುಂದನೂ ಕೆಳಗ ಅದ ಟೊಂಗಿ ಹಾಸ್ತಾರ. ವೋಸ್ ಕಡೆ ಈ ಸಿಹಿ ನೀರನ್ನ ತಾಸುಗಟ್ಲೆ ಕುದಸ್ತಾರ, ಹೋರ್ನಿಂಡಾಲ್ ಕಡೆ ಕುದಸೂದ ಇಲ್ಲ. ಒಂದೊಂದು ಕಣಿವಿಗೆ ಒಂದೊಂದು ಕೈರುಚಿ. ನಮ್ಮಲ್ಲಿ ಧಾರವಾಡದ ಸಾರು ಬ್ಯಾರೆ, ಬಿಜಾಪುರದ ಸಾರು ಬ್ಯಾರೆ ಇದ್ದಂಗ.

ಇನ್ನ ಹೆಪ್ಪು ಹಾಕೋ ಹೊತ್ತು. ಬೀರಿನ ಕಾರಖಾನಿಯವರು ಸಾಮಾನ್ಯವಾಗಿ ಯೀಸ್ಟ್ ಹಾಕೋದು 20 ಡಿಗ್ರಿ ಸೆಲ್ಸಿಯಸ್ ಆಜೂಬಾಜೂ, ಲಾಗರ್ ಅನ್ನೋ ಜಾತಿಗೆ ಅದಕ್ಕಿಂತ ಥಂಡಿಯೊಳಗ. ಈ ಹಳ್ಳಿ ಮಂದಿ ಮಾತ್ರ 35ರಿಂದ 40 ಡಿಗ್ರಿ ಕಾವಿನ್ಯಾಗ ಹಾಕ್ತಾರ. ಥರ್ಮಾಮೀಟರ್ ಇಲ್ಲದ ಕಾಲದಾಗ ಅವರ ಅಳತಿ ಏನಿತ್ತು ಗೊತ್ತದೇನು? ಹಾಲಿನ ಕಾವು. ಆಗಷ್ಟ ಹಿಂಡಿದ ಹಾಲು ಎಷ್ಟು ಬೆಚ್ಚಗಿರ್ತದೋ ಅಷ್ಟು. ನಾವು ಹೆಪ್ಪು ಹಾಕೋ ಮುಂದ ಬಟ್ಟು ಅದ್ದಿ ನೋಡ್ತೀವಲ್ಲಾ, ಹೆಚ್ಚುಕಡಿಮಿ ಅದ ಲೆಕ್ಕ. ಕೆಲವು ಕಡೆ ಹೆಪ್ಪು ಹಾಕೋ ಮುಂದ ಜೋರಾಗಿ ಕೂಗು ಹಾಕೋ ಪದ್ಧತಿನೂ ಇತ್ತು. ಕೂಗಿದಷ್ಟು ಬೀರು ಜೋರಾಗಿ ಹುದುಗ್ತದ ಅಂತ ನಂಬಿಕಿ.

ಹುದುಗು ಇಳಿಯೂ ಹೊತ್ತಿಗೆ ಬಾಜೂ ಮನಿಯವರನ್ನ ಕರದು ರುಚಿ ನೋಡಸ್ತಾರ. ಅದಕ್ಕ ಊಪ್‌ಸ್ಕೋಕೆ ಅಂತ ಹೆಸರದ. ಬೀರು ತಗದ ಮ್ಯಾಲೆ ಉಳದ ಹೆಪ್ಪನ್ನ ಮುಂದಿನ ಸರ್ತಿಗೆ ಜ್ವಾಪಾನ ಮಾಡೂದು ದೊಡ್ಡ ಕೆಲಸ. ಕಟಗಿ ತುಂಡುಗಳನ್ನ ಪೋಣಿಸಿದ ಉಂಗುರ, ತೂತು ಕೊರದ ಕಟಗಿ, ಬಟ್ಟಿ, ಇವನ್ನ ಹೆಪ್ಪಿನೊಳಗ ಅದ್ದಿ ಒಣಗಿಸಿ ತೂಗ ಹಾಕ್ತಿದ್ರು. ತಿಂಗಳುಗಟ್ಲೆ ಆದ ಮ್ಯಾಲೂ ಬೆಚ್ಚಗಿನ ಸಿಹಿ ನೀರಾಗ ಇಟ್ಟರ ಜೀವ ಬರ್ತದ. ಅಕಸ್ಮಾತ್ ಸತ್ತು ಹೋದ್ರ, ಬಾಜೂ ಮನಿ ಹೆಪ್ಪು ಇದ್ದ ಇತ್ತು.

ಇದನ್ನೆಲ್ಲಾ ಮಾಡ್ತಿದ್ದವರು ಯಾರು? ನಾರ್ವೆದ ಭಾಳಷ್ಟು ಕಡೆ ಹಿಂದಿನ ಕಾಲಕ್ಕ ಮನಿ ಯಜಮಾನ್ತಿನ. ಪಶ್ಚಿಮದ ಊರುಗಳೊಳಗ ಮುಂದ ಅದು ಗಂಡಸರ ಕೈಗೆ ಹೋತು. ಇಂಗ್ಲೆಂಡಿನ ಕಥಿ ಇದಕ್ಕಿಂತ ಸ್ಪಷ್ಟ ಅದ. ಜೂಡಿತ್ ಬೆನೆಟ್ ಅನ್ನೋ ಇತಿಹಾಸಕಾರ್ತಿ 1300ರಿಂದ 1600ರ ತನಕದ ಇಂಗ್ಲೆಂಡಿನ ಬೀರು ಮಾಡೋ ಹೆಣ್ಮಕ್ಕಳ ಮ್ಯಾಲೆ ಒಂದು ಪುಸ್ತಕಾನ ಬರದಾರ, 1996ರಾಗ ಬಂತು. ಮೊದಲ ಹಳ್ಳಿಯೊಳಗ ಹೆಣ್ಮಕ್ಕಳು ಮನಿಗೆ ಮಾಡಿ, ಮಿಕ್ಕಿದ್ದನ್ನ ಬಾಗಲದಾಗ ಮಾರಿ ನಾಕು ಕಾಸು ಮಾಡ್ಕೊತಿದ್ರು. ಆ ಬೀರು ಲಗೂ ಹುಳಿ ಆಗ್ತಿತ್ತು, ದೂರ ಒಯ್ಯಲಿಕ್ಕೆ ಬರ್ತಿರಲಿಲ್ಲ. ಹಾಪ್ಸ್ ಅನ್ನೋ ಕಹಿ ಹೂವು ಹಾಕಿ ಕುದಸೂ ಪದ್ಧತಿ ಬಂದ ಮ್ಯಾಲೆ ಬೀರು ಭಾಳ ದಿನ ತಡಕೊಳ್ಳಲಿಕ್ಕೆ ಹತ್ತಿತು. ತಡಕೊಂಡಿತು ಅಂದ್ರ ದೊಡ್ಡ ಹಂಡೆ, ದೊಡ್ಡ ಬಂಡವಾಳ, ದೂರದ ಪ್ಯಾಟಿ. ಸಾಲಾ ಎತ್ತಲಿಕ್ಕೆ, ವ್ಯಾಪಾರಿ ಸಂಘದಾಗ ಕೂಡಲಿಕ್ಕೆ ಹೆಣ್ಮಕ್ಕಳಿಗೆ ದಾರಿ ಎಲ್ಲಿತ್ತು? ಬರ್ತಾ ಬರ್ತಾ ಕೆಲಸ ಗಂಡಸರದಾತು. ಬ್ರೂಸ್ಟರ್ ಅಂದ್ರ ಬೀರು ಮಾಡಾಕಿ ಅಂತ ಅರ್ಥ ಇತ್ತು. ಇವತ್ತು ಅದು ಮಂದಿಯ ಅಡ್ಡಹೆಸರಾಗಿ ಉಳದದ. ರೊಕ್ಕ ಬರೋ ತನಕ ಹೆಂಗಸರ ಕೆಲಸ, ರೊಕ್ಕ ಬಂದ ಮ್ಯಾಲೆ ಗಂಡಸರ ಧಂಧೆ. ನಮ್ಮ ಹಪ್ಪಳ, ಉಪ್ಪಿನಕಾಯಿ ಕಾರಖಾನಿ ನೋಡಿದವರಿಗೆ ಇದನ್ನ ಬಿಡಿಸಿ ಹೇಳೂದು ಬ್ಯಾಡ.

ಕಾರಖಾನಿಯವರೂ ಮೊದಮೊದಲ ಹೆಪ್ಪು ಕಡಾ ತಂದವರ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕಂಪನಿ ಕಟ್ಟಿದ ಜೆ. ಸಿ. ಯಾಕೊಬ್ಸನ್ 1845ರಾಗ ಜರ್ಮನಿಯ ಮ್ಯೂನಿಕ್‌ನ ಶ್ಪಾಟೆನ್ ಬ್ರೂವರಿಂದ ಯೀಸ್ಟ್ ತಂದ. ಕುದರಿ ಗಾಡಿ ನಿಂತಲ್ಲೆಲ್ಲಾ ಇಳದು, ಯೀಸ್ಟಿನ ಡಬ್ಬಿ ಮ್ಯಾಲೆ ತಣ್ಣೀರು ಹಾಕ್ಕೋತ ಮನಿ ಮುಟ್ಟಿಸಿದ ಅಂತ ಕಥಿ ಹೇಳ್ತಾರ. ಮುಂದ ಅದ ಕಂಪನಿಯ ಪ್ರಯೋಗಶಾಲಾದಾಗ 1883ರಾಗ ಎಮಿಲ್ ಕ್ರಿಸ್ಟಿಯಾನ್ ಹಾನ್ಸೆನ್ ಯೀಸ್ಟಿನ ಒಂದ ತಳಿಯನ್ನಷ್ಟ ಬ್ಯಾರೆ ಮಾಡಿ ಬೆಳಸೋ ವಿದ್ಯಾ ಕಂಡುಹಿಡದ. ಯಾಕೊಬ್ಸನ್ ಅದನ್ನ ಗುಟ್ಟಿನಾಗ ಇಡಲಿಲ್ಲ, ಉಳದ ಬ್ರೂವರಿಗಳಿಗೂ ಕೊಟ್ಟ. ಅಂವ ದೊಡ್ಡ ಮನಸಿನಿಂದ ಕೊಟ್ಟಿದ್ದು ಖರೆ. ಆದ್ರ ಎಲ್ಲಾ ಕಡೆ ಒಂದ ಥರದ ಶುದ್ಧ ಯೀಸ್ಟು ಬಂದಂಗ, ಒಂದೊಂದು ಊರಿನ ಮಿಶ್ರ ಹೆಪ್ಪು ಮೂಲಿಗೆ ಬಿತ್ತು.

ಹಳ್ಳಿಗಳಿಗೂ ಅದ ಹೊಡತ ಬಿತ್ತು. ಅಂಗಡಿಯೊಳಗ ಬ್ರೆಡ್ಡಿನ ಯೀಸ್ಟು ಅಗ್ಗ ಸಿಗಲಿಕ್ಕೆ ಹತ್ತಿದ ಮ್ಯಾಲೆ ಉಂಗುರ ಅದ್ದಿ ಒಣಗಸೂ ತ್ರಾಸು ಯಾರಿಗೆ ಬೇಕು? ಬಾಜೂ ಮನಿಯವರದೂ ಸತ್ತಿತ್ತು ಅಂದ್ರ ಮತ್ತ ತರಲಿಕ್ಕೆ ಜಾಗಾ ಇಲ್ಲ. ಒಂದೊಂದ ಕಣಿವಿ ಹಿಂಗ ಖಾಲಿ ಆತು. ಉಳಿದಿದ್ದು ಹಟಾ ಹಿಡದ ನಾಕೈದು ಊರುಗಳೊಳಗ.

ಆ ಉಳದದ್ದನ್ನ ಹುಡುಕ್ಕೋತ ಹ್ವಾದಂವ ಲಾರ್ಸ್ ಮಾರಿಯುಸ್ ಗಾರ್ಶೋಲ್. ಸಾಫ್ಟ್‌ವೇರ್ ಕೆಲಸದಂವ. 2014ರಾಗ ವೋಸ್‌ಗೆ ಹೋಗಿ ಒಬ್ಬ ರೈತನ ಮನಿಯೊಳಗ ಬೀರು ಮಾಡೂದನ್ನ ಕಣ್ಣಾರೆ ನೋಡಿ ಬರದ. ಆಮ್ಯಾಲೆ ಊರೂರು ತಿರುಗಿ ಹೆಪ್ಪು ಕೂಡಿಸಿ, ಇಂಗ್ಲೆಂಡಿನ ಯೀಸ್ಟ್ ಸಂಗ್ರಹಾಲಯಕ್ಕೂ ಕಳಿಸಿದ. 2018ರಾಗ ಅಂವ ಮತ್ತ ವಿಜ್ಞಾನಿಗಳು ಕೂಡಿ ಒಂದು ಅಧ್ಯಯನ ಪ್ರಕಟಿಸಿದ್ರು. ಕ್ವೈಕ್ ಅನ್ನೋದು ಉಳದೆಲ್ಲಾ ಬೀರು ಯೀಸ್ಟಿಗಿಂತ ವಂಶದೊಳಗನ ಬ್ಯಾರೆ ಗುಂಪು ಅಂತ ಆವಾಗ ಗೊತ್ತಾತು. ಒಂದೊಂದು ಮನಿ ಹೆಪ್ಪಿನ್ಯಾಗ ಬಹಳ ಸಲ ಒಂದಕ್ಕಿಂತ ಹೆಚ್ಚು ತಳಿ. ಅಷ್ಟು ಕಾವು ತಡಕೊಂಡು, ಎರಡ ದಿನದಾಗ ಕೆಲಸ ಮುಗಸೋ ಗುಣ. ಒಣಗಿಸಿ ಇಟ್ಟು, ಬೆಚ್ಚಗ ಹಾಕಿ, ಚಂದಿದ್ದದ್ದನ್ನ ಕಡಾ ಕೊಟ್ಟು ತಂದು, ಪೀಳಿಗಿ ಪೀಳಿಗಿ ಮಂದಿ ಗೊತ್ತಿಲ್ಲದ ಆರಿಸಿ ಬೆಳಸಿದ್ದು ಇದು.

ಈಗ ಜಾತ್ರಿ ಸುದ್ದಿ. 2016ರಿಂದ ಹೋರ್ನಿಂಡಾಲ್‌ದಾಗ ಈ ಹಳ್ಳಿ ಬೀರಿನ ಸಲುವಾಗಿನ ಒಂದು ಉತ್ಸವ ನಡೀತದ, ನಾರ್ವೆಯ ಕೋರ್ನ್‌ಓಲ್ ಉತ್ಸವ ಅಂತ. ಕೋರ್ನ್‌ಓಲ್ ಅಂದ್ರ ಕಾಳಿನ ಬೀರು. ಯುರೋಪಿನ ಎಲ್ಲಾಕ್ಕಿಂತ ಆಳದ ಕೆರಿ, 514 ಮೀಟರಿನದು, ಅದರ ದಂಡಿ ಊರದು. ಬಾಟಲಿ ತುಂಬಿ ಪ್ಯಾಟಿಗೆ ಕಳಸೂದು ಬಿಟ್ಟು ಮಂದಿ ಅಷ್ಟು ದೂರ ಯಾಕ ಹೋಗ್ತಾರ ಅಂತ ಕೇಳ್ತೀರಿ. ಕುದಿಸದ ಬೀರು ಭಾಳ ದಿನ ತಡಿಯೂದಿಲ್ಲ. ಮುಂಜಾನಿ ಕಡದ ಮಜ್ಜಿಗಿ ಪಾರ್ಸಲ್ ಮಾಡಿದಂಗ ಆಗ್ತದ. ಮತ್ತ ಮನಿಯೊಳಗ ಮಾಡಿದ್ದನ್ನ ಪರವಾನಗಿ ಇಲ್ಲದ ಮಾರಲಿಕ್ಕೂ ನಾರ್ವೆ ಕಾಯ್ದೆ ಬಿಡೂದಿಲ್ಲ. ಬೀರು ಮಂದಿ ಕಡೆ ಹೋಗೂದಾಗೂದಿಲ್ಲ, ಮಂದಿನ ಬೀರಿನ ಕಡೆ ಹೋಗಬೇಕು. ಹೊರಗಿನವರು ಬಂದು ಕೇಳಿದಾಗ ಊರಿನ ಹುಡುಗರಿಗೂ ಅಜ್ಜನ ಕೆಲಸದ ಕಿಮ್ಮತ್ತು ತಿಳೀತದ.

ಬಾಜೂ ದೇಶ ಫಿನ್ಲೆಂಡಿನ ಸಾಹ್ತಿ ಅನ್ನೋ ಬೀರೂ ಇದರ ಅಕ್ಕ ಇದ್ದಂಗ. ಅದನ್ನೂ ಹಿಂದ ಹೆಣ್ಮಕ್ಕಳು ಮಾಡ್ತಿದ್ರು, ಕಟಗಿ ದೋಣಿಯಂಥಾ ಪಾತ್ರಿಯೊಳಗ ಸೋಸ್ತಿದ್ರು. 2002ರಾಗ ಯುರೋಪಿಯನ್ ಒಕ್ಕೂಟ ಅದಕ್ಕ ಸಾಂಪ್ರದಾಯಿಕ ಪದಾರ್ಥ ಅಂತ ಹೆಸರಿನ ರಕ್ಷಣಾ ಕೊಟ್ಟದ.

ಕ್ವೈಕಿಗೆ ಮಾತ್ರ ಈಗ ಕಾಲು ಬಂದಾವ. ಅಮೇರಿಕಾ, ಕೆನಡಾದ ಪ್ರಯೋಗಶಾಲಾಗಳು ಅದನ್ನ ಬೆಳಸಿ ಪಾಕೀಟು ಮಾಡಿ ಮಾರ್ತಾವ. ಸಣ್ಣ ಸಣ್ಣ ಬ್ರೂವರಿಗಳಿಗೆ ಅನುಕೂಲ ಆಗ್ಯದ, ಬಿಸಿಲಿನ ಊರಿನವರಿಗೆ ಥಂಡಿ ಮಾಡೋ ಖರ್ಚು ಉಳಿತದ. ಛಲೋನ ಆತು. ಆದ್ರ ನನ್ನ ತಲಿಯೊಳಗ ಒಂದು ಪ್ರಶ್ನೆ ಕೂತದ. ವಾಟಗಾದಾಗ ತಂದ ಹೆಪ್ಪಿಗೆ ತಿರುಗಿ ಕೊಡೋ ಋಣ ಇತ್ತು. ಪಾಕೀಟಿನ ಹೆಪ್ಪಿಗೆ ಯಾರು ಯಾರಿಗೆ ತಿರುಗಿ ಕೊಡಬೇಕು? ಬಹಳಷ್ಟು ಪಾಕೀಟಿನ ಮ್ಯಾಲೆ ವೋಸ್, ಹೋರ್ನಿಂಡಾಲ್ ಅಂತ ಊರಿನ ಹೆಸರಾದರೂ ಉಳದದ, ಅಷ್ಟು ಸಮಾಧಾನ. ಅದನ್ನ ಮೊದಲ ಜ್ವಾಪಾನ ಮಾಡಿದಾಕಿ ಹೆಸರು ಯಾವ ಪಾಕೀಟಿನ ಮ್ಯಾಲೂ ಇರೂದಿಲ್ಲ.

ನಮ್ಮ ಮನಿಗಳೊಳಗೂ ಕಡಾ ಬಂದದ್ದು ಎಷ್ಟೋ ಇರ್ತಾವ. ಯಾರದೋ ಮನಿಯ ಹೆಪ್ಪು, ಯಾರೋ ವೈನಿ ಕೊಟ್ಟ ಅವರಿಕಾಯಿ ಬೀಜ, ತವರಮನಿ ಮಸಾಲಿ ಪುಡಿ ಅಳತಿ. ನಿಮ್ಮಲ್ಲಿ ಅಂಥಾದ್ದು ಏನರ ಇದ್ರ ಯಾರ ಕಡಿಂದ ಬಂತು, ಅವರ ಹೆಸರೇನು ಅನ್ನೋದನ್ನ ಹಿರೇರು ಇರೋ ತನಕ ಕೇಳಿ ಒಂದು ವಹಿಯೊಳಗ ಬರದಿಡ್ರಿ. ನನಗೂ ಬರದು ಕಳಸ್ರಿ, ಇಲ್ಲೇ ಎಲ್ಲಾರೂ ಓದೋಣು.