ಅತಿವೇಗದ ಕ್ಷ-ಕಿರಣ ಚಿತ್ರಣ

ಅತಿವೇಗದ ಕ್ಷ-ಕಿರಣ ಚಿತ್ರಣವು ತೀವ್ರ ವೇಗದಲ್ಲಿ ಚಲಿಸುವ ಅಥವಾ ಕ್ಷಣಮಾತ್ರದಲ್ಲಿ ರೂಪ ಬದಲಿಸುವ ವಸ್ತುಗಳ ಒಳರಚನೆಯನ್ನು ಕ್ಷ-ಕಿರಣಗಳ ನೆರವಿನಿಂದ ದಾಖಲಿಸುವ ತಂತ್ರವಾಗಿದೆ. ಇದರ ಪ್ರಮುಖ ಪ್ರಕಾರಕ್ಕೆ ಫ್ಲ್ಯಾಶ್ ರೇಡಿಯೋಗ್ರಫಿ ಎಂಬ ಹೆಸರಿದೆ. ಗುಂಡು ಕವಚವನ್ನು ಭೇದಿಸುವ ಬಗೆ, ಸ್ಫೋಟಕದೊಳಗೆ ಲೋಹ ಕುಸಿಯುವ ರೀತಿ, ಎಂಜಿನ್ನಿನೊಳಗೆ ಇಂಧನ ಸಿಂಪಡಣೆಯಾಗುವ ಕ್ರಮ ಮುಂತಾದವುಗಳ ಅಧ್ಯಯನದಲ್ಲಿ ಇದನ್ನು ಬಳಸಲಾಗುತ್ತದೆ.

ಅಗತ್ಯ

ವೇಗದ ಚಲನೆಯನ್ನು ಸೆರೆಹಿಡಿಯಬಲ್ಲ ಸಾಮಾನ್ಯ ಕ್ಯಾಮೆರಾಗಳು ಇವೆ. ಆದರೆ ಸ್ಫೋಟದ ಸಂದರ್ಭದಲ್ಲಿ ಹೊಗೆ, ಬೆಂಕಿಯ ಪ್ರಭೆ ಮತ್ತು ಚೂರುಗಳು ದೃಶ್ಯವನ್ನು ಮರೆಮಾಡುತ್ತವೆ. ಲೋಹದ ಒಳಭಾಗವಂತೂ ಬೆಳಕಿಗೆ ಗೋಚರಿಸುವುದೇ ಇಲ್ಲ. ಕ್ಷ-ಕಿರಣಗಳು ಈ ಅಡ್ಡಿಗಳನ್ನು ದಾಟಿಹೋಗಿ, ವಸ್ತುವಿನ ಸಾಂದ್ರತೆ ಹಾಗೂ ದಪ್ಪಕ್ಕೆ ಅನುಗುಣವಾದ ನೆರಳನ್ನು ಮೂಡಿಸುತ್ತವೆ.

ಸೆಕೆಂಡಿಗೆ 800 ಮೀಟರ್ ವೇಗದ ಗುಂಡೊಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ 80 ಮೀಟರ್ ಸಾಗುತ್ತದೆ. ಆದ್ದರಿಂದ ಅಷ್ಟು ಕಾಲ ಕಿರಣ ಹಾಯಿಸಿದರೆ ಚಿತ್ರ ಸಂಪೂರ್ಣ ಮಸುಕಾಗುತ್ತದೆ. ಒಂದು ಮೈಕ್ರೊಸೆಕೆಂಡಿನಲ್ಲಿ ಅದೇ ಗುಂಡು 0.8 ಮಿಲಿಮೀಟರ್ ಮಾತ್ರ ಚಲಿಸುತ್ತದೆ; 30 ನ್ಯಾನೊಸೆಕೆಂಡುಗಳಲ್ಲಿ ಚಲಿಸುವ ದೂರ 0.024 ಮಿಲಿಮೀಟರ್. ಇಷ್ಟು ಅಲ್ಪಕಾಲದ ಕಿರಣಕ್ಕೆ ಗುಂಡು ನಿಂತಂತೆಯೇ ಕಾಣುತ್ತದೆ.

ಕಾರ್ಯವಿಧಾನ

ಈ ತಂತ್ರದಲ್ಲಿ ಚಲನೆಯನ್ನು ಸ್ತಬ್ಧಗೊಳಿಸುವುದು ಕ್ಯಾಮೆರಾದ ಶಟರ್ ಅಲ್ಲ, ಕಿರಣಸ್ಪಂದದ ಅಲ್ಪಾವಧಿ. ಅನೇಕ ಕೆಪಾಸಿಟರುಗಳನ್ನು ಸಮಾಂತರವಾಗಿ ವಿದ್ಯುದಾವೇಶಗೊಳಿಸಿ, ಅನಂತರ ಅವುಗಳನ್ನು ಸರಣಿಯಲ್ಲಿ ಜೋಡಿಸಿ ಒಮ್ಮೆಲೇ ವಿಸರ್ಜಿಸಲಾಗುತ್ತದೆ. ಮಾರ್ಕ್ಸ್ ಜನಕ ಎಂದು ಕರೆಯಲಾಗುವ ಈ ಮಂಡಲದಿಂದ ಲಕ್ಷಾಂತರ ವೋಲ್ಟುಗಳ ಸ್ಪಂದ ದೊರೆಯುತ್ತದೆ. ಪ್ರಬಲ ವಿದ್ಯುತ್ ಕ್ಷೇತ್ರವು ತಣ್ಣನೆಯ ಕ್ಯಾಥೋಡಿನಿಂದಲೇ ಇಲೆಕ್ಟ್ರಾನುಗಳನ್ನು ಸೆಳೆಯುತ್ತದೆ. ಅವು ಟಂಗ್‌ಸ್ಟನ್‌ನಂತಹ ಭಾರಲೋಹದ ಆನೋಡಿಗೆ ಬಡಿದಾಗ ಕ್ಷ-ಕಿರಣಗಳು ಹೊಮ್ಮುತ್ತವೆ.

ಸ್ಪಂದವು ಸರಿಯಾದ ಕ್ಷಣದಲ್ಲೇ ಹೊಮ್ಮಬೇಕು. ಇದಕ್ಕಾಗಿ ಗುಂಡಿನ ಹಾದಿಯಲ್ಲಿ ತೆಳುವಾದ ತಂತಿಯನ್ನೋ ಬೆಳಕಿನ ತೆರೆಯನ್ನೋ ಇರಿಸಲಾಗುತ್ತದೆ. ಗುಂಡು ಅದನ್ನು ಕಡಿದಾಗ ಸಂಕೇತ ಹೊರಟು, ಲೆಕ್ಕಹಾಕಿದ ವಿಳಂಬದ ನಂತರ ಕಿರಣಸ್ಪಂದ ಉಂಟಾಗುತ್ತದೆ. ಬೆಳಕು ತಾಗದ ಪೆಟ್ಟಿಗೆಯಲ್ಲಿಟ್ಟ ಫಿಲ್ಮ್ ಅಥವಾ ಚಿತ್ರಫಲಕದ ಮೇಲೆ ನೆರಳು ಮೂಡುತ್ತದೆ. ಘಟನೆಯ ಹಲವು ಹಂತಗಳನ್ನು ನೋಡಬೇಕಾದಾಗ ಅನೇಕ ಕ್ಷ-ಕಿರಣ ನಳಿಕೆಗಳನ್ನು ಬೇರೆಬೇರೆ ಸ್ಥಾನಗಳಲ್ಲಿ ಇರಿಸಿ, ಒಂದರ ನಂತರ ಒಂದರಂತೆ ಚಾಲನೆಗೊಳಿಸಲಾಗುತ್ತದೆ.

ಇತಿಹಾಸ

ವಿಲ್‌ಹೆಲ್ಮ್ ರಾಂಟ್‌ಜನ್ ಕ್ಷ-ಕಿರಣಗಳನ್ನು 1895ರಲ್ಲಿ ಕಂಡುಹಿಡಿದನು. ಮೈಕ್ರೊಸೆಕೆಂಡ್ ಪ್ರಮಾಣದ ಸ್ಪಂದಗಳ ಪ್ರಯೋಗಗಳನ್ನು 1938ರಲ್ಲಿ ಜರ್ಮನಿಯಲ್ಲಿ ಮಾಕ್ಸ್ ಸ್ಟೇನ್‌ಬೆಕ್ ಹಾಗೂ ಅಮೆರಿಕದಲ್ಲಿ ಕಿಂಗ್‌ಡನ್ ಮತ್ತು ಟ್ಯಾನಿಸ್ ಪ್ರತ್ಯೇಕವಾಗಿ ವರದಿ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ, ಸ್ಫೋಟಕದ ಒತ್ತಡಕ್ಕೆ ಲೋಹದ ಗೋಳವು ಎಲ್ಲ ಕಡೆಯಿಂದಲೂ ಸಮನಾಗಿ ಒಳಕುಸಿಯುವುದೇ ಎಂದು ಪರೀಕ್ಷಿಸಲು ಇದನ್ನು ಬಳಸಲಾಯಿತು. ಅಲ್ಲಿ 1963ರಲ್ಲಿ ಫರ್ಮೆಕ್ಸ್ ಎಂಬ ಬೃಹತ್ ಯಂತ್ರ ಕಾರ್ಯಾರಂಭ ಮಾಡಿತು. ಅಮೆರಿಕವು 1992ರ ನಂತರ ಪರಮಾಣು ಸ್ಫೋಟ ಪರೀಕ್ಷೆಗಳನ್ನು ನಡೆಸದ ಕಾರಣ ಇಂತಹ ಚಿತ್ರಣದ ಮಹತ್ವ ಇನ್ನಷ್ಟು ಹೆಚ್ಚಿತು. ಅನಂತರ ನಿರ್ಮಾಣಗೊಂಡ ಡಾರ್ಟ್ ಸೌಲಭ್ಯವು ಪರಸ್ಪರ ಲಂಬವಾದ ಎರಡು ದಿಕ್ಕುಗಳಿಂದ ಚಿತ್ರ ತೆಗೆಯುತ್ತದೆ.

ಭಾರತದಲ್ಲಿ

ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಅಧೀನದಲ್ಲಿ 1961ರಲ್ಲಿ ಸ್ಥಾಪನೆಯಾದ ಚಂಡೀಗಢದ ಟರ್ಮಿನಲ್ ಬ್ಯಾಲಿಸ್ಟಿಕ್ಸ್ ಸಂಶೋಧನಾ ಪ್ರಯೋಗಾಲಯವು ಸ್ಫೋಟಕಗಳು, ಸಿಡಿತಲೆಗಳು ಹಾಗೂ ರಕ್ಷಾಕವಚಗಳ ಅಧ್ಯಯನದಲ್ಲಿ ಈ ತಂತ್ರವನ್ನು ಬಳಸುತ್ತದೆ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ ಕಾಳಿ ಹೆಸರಿನ ಇಲೆಕ್ಟ್ರಾನ್ ವೇಗವರ್ಧಕಗಳಿಂದಲೂ ಇಂತಹ ಕ್ಷ-ಕಿರಣ ಸ್ಪಂದಗಳನ್ನು ಪಡೆಯಬಹುದು. ಕಾಳಿಯನ್ನು ಆಯುಧವೆಂದು ಬಿಂಬಿಸುವ ಬರಹಗಳು ಪ್ರಚಾರದಲ್ಲಿದ್ದರೂ ಅದು ಮೂಲತಃ ಸಂಶೋಧನಾ ಯಂತ್ರ.

ತುಮಕೂರಿನಲ್ಲಿ ಜನಿಸಿದ ಭೌತವಿಜ್ಞಾನಿ ರಾಜಾ ರಾಮಣ್ಣನವರ ಹೆಸರನ್ನು ಹೊತ್ತಿರುವ ಇಂದೋರಿನ ಉನ್ನತ ತಂತ್ರಜ್ಞಾನ ಕೇಂದ್ರದಲ್ಲಿ ಇಂಡಸ್-2 ಸಿಂಕ್ರೊಟ್ರಾನ್ ಇದೆ. ಇದು ಪ್ರಖರವಾದ ಕ್ಷ-ಕಿರಣಗಳನ್ನು ಒದಗಿಸುವ 2.5 ಗಿಗಾ ಇಲೆಕ್ಟ್ರಾನ್ ವೋಲ್ಟ್ ಶಕ್ತಿಯ ಯಂತ್ರವಾಗಿದ್ದು, ಚಿತ್ರಣಕ್ಕೆ ಮೀಸಲಾದ ಕಿರಣಮಾರ್ಗವನ್ನೂ ಹೊಂದಿದೆ.

ಇತರ ಬಳಕೆಗಳು

ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಸಿಂಕ್ರೊಟ್ರಾನ್ ಕಿರಣಗಳಿಂದ ಡೀಸೆಲ್ ಸಿಂಪಡಣೆ, ಲೇಸರ್ ಬೆಸುಗೆಯಲ್ಲಿ ಉಂಟಾಗುವ ಗುಳ್ಳೆಗಳು, ಜೀವಂತ ಕೀಟಗಳ ಶ್ವಾಸನಾಳಗಳ ಸಂಕೋಚನ ಮೊದಲಾದವುಗಳನ್ನು ಚಿತ್ರೀಕರಿಸಲಾಗಿದೆ. ಆಸ್ಪತ್ರೆಗಳಲ್ಲಿ ನಡೆಯುವ ಹೃದಯದ ಆಂಜಿಯೋಗ್ರಾಮ್ ಪರೀಕ್ಷೆಯ ತತ್ತ್ವವೂ ಇದಕ್ಕೆ ಸಮೀಪದ್ದು. ಮಿಡಿಯುವ ಹೃದಯದ ರಕ್ತನಾಳಗಳು ಸ್ಪಷ್ಟವಾಗಿ ಕಾಣಲು ಅಲ್ಲಿಯೂ ಕಿರಣಗಳನ್ನು ಸ್ಪಂದಗಳಾಗಿ ಹಾಯಿಸುತ್ತಾರೆ. ಆದರೆ ಆ ಸ್ಪಂದಗಳ ಅವಧಿ ಕೆಲವು ಮಿಲಿಸೆಕೆಂಡುಗಳಷ್ಟಿರುತ್ತದೆ.

ಮಿತಿಗಳು ಮತ್ತು ಸುರಕ್ಷತೆ

ಸ್ಪಂದ ಕಿರಿದಾದಷ್ಟೂ ಚಿತ್ರಕ್ಕೆ ದೊರೆಯುವ ಕಿರಣಗಳ ಪ್ರಮಾಣ ಕಡಿಮೆಯಾಗಿ, ಚಿತ್ರದ ಸ್ಪಷ್ಟತೆ ಕುಗ್ಗುವ ಸಾಧ್ಯತೆಯಿದೆ. ದಪ್ಪ ಲೋಹವನ್ನು ಭೇದಿಸಲು ಅಧಿಕ ವೋಲ್ಟೇಜ್ ಬೇಕಾಗುತ್ತದೆ. ಚಿತ್ರವು ನೆರಳಷ್ಟೇ ಆಗಿರುವುದರಿಂದ ಒಂದರ ಹಿಂದೊಂದಿರುವ ಭಾಗಗಳು ಪರಸ್ಪರ ಬೆರೆತು ಕಾಣುತ್ತವೆ. ಸ್ಫೋಟದ ಪ್ರಯೋಗಗಳಲ್ಲಿ ನಳಿಕೆಗೂ ಫಿಲ್ಮಿಗೂ ಗಟ್ಟಿಯಾದ ರಕ್ಷಾಹೊದಿಕೆ ಅನಿವಾರ್ಯ.

ಸ್ಪಂದ ಅಲ್ಪಕಾಲದ್ದಾದರೂ ವಿಕಿರಣದ ಅಪಾಯ ಇಲ್ಲವೆಂದಲ್ಲ. ಆದ್ದರಿಂದ ಪ್ರಯೋಗದ ವೇಳೆ ಸಿಬ್ಬಂದಿ ದೂರದ ಅಥವಾ ರಕ್ಷಣಾ ಗೋಡೆಯ ಹಿಂದಿನ ಕೊಠಡಿಯಿಂದ ಯಂತ್ರವನ್ನು ನಿಯಂತ್ರಿಸುತ್ತಾರೆ. ಭಾರತದಲ್ಲಿ ಕ್ಷ-ಕಿರಣ ಉಪಕರಣಗಳ ಬಳಕೆಗೆ ಪರಮಾಣು ಶಕ್ತಿ (ವಿಕಿರಣ ರಕ್ಷಣೆ) ನಿಯಮಗಳು, 2004 ಅನ್ವಯಿಸುತ್ತವೆ.